ಕಾಲೇಜು ಕ್ವಾಯರ್, ಕಥೀಡ್ರಲ್, ಕನ್ಸರ್ವಟರಿ: 18ರ ಗಾಯಕರಿಗೆ ಯಾವ ದಾರಿ?

ತಿಂಗಳ 15ನೇ ತಾರೀಕಿನ ಸಂಜೆ ಇಂಗ್ಲೆಂಡಿನ ಕಥೀಡ್ರಲ್ (ಬಿಷಪ್ಪರ ದೊಡ್ಡ ಚರ್ಚ್) ಕ್ವಾಯರ್‌ನಲ್ಲಿ, ಅಂದರೆ ಅಲ್ಲಿನ ಗಾಯಕರ ತಂಡದಲ್ಲಿ, ನಿಂತವರಿಗೆ ಅದು ಎಂಥ ಸಂಜೆ ಅಂತ ಗೊತ್ತು. ಅಲ್ಲಿನ ಹಳೇ ಪ್ರಾರ್ಥನಾ ಪುಸ್ತಕದಲ್ಲಿ ಬೈಬಲಿನ 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ ಹಂಚಿಟ್ಟಿದ್ದಾರೆ. 15ರ ಸಂಜೆಗೆ ಬಿದ್ದಿರುವುದು ಒಂದೇ ಒಂದು, ಕೀರ್ತನೆ 78. ಆದರೆ ಅದರಲ್ಲಿ 70ಕ್ಕೂ ಹೆಚ್ಚು ವಚನಗಳಿವೆ! ಈ ಹಂಚಿಕೆಯನ್ನು ಪೂರ್ತಿ ಪಾಲಿಸುವ ಕಡೆ, ಎದುರುಬದುರು ನಿಂತ ಎರಡು ಸಾಲಿನವರು ಒಂದು ಪಾಲು ನೀವು, ಒಂದು ಪಾಲು ನಾವು ಅಂತ ಕಾಲು ಗಂಟೆ ಹತ್ತಿರ ಹಾಡಬೇಕು. ಒಂದೊಂದು ವಚನದ ಉದ್ದವೂ ಬೇರೆ. ರಾಗ ಮಾತ್ರ ಅದೇ. ಯಾವ ಪದಕ್ಕೆ ಸ್ವರ ಬದಲಾಯಿಸಬೇಕು ಅಂತ ಸಣ್ಣ ಗುರುತುಗಳನ್ನು ನೋಡಿಕೊಂಡು ಹೋಗಬೇಕು.

ನಾನು ಮೊದಲ ಸಲ ಅದನ್ನು ಹಾಡಿದಾಗ 19 ವರ್ಷ. ಅರ್ಧ ದಾಟಿದ ಮೇಲೆ ಎಲ್ಲಿದ್ದೇವೆ ಅಂತಲೇ ತಪ್ಪಿಹೋಯಿತು. ಬಾಯಿ ಆಡಿಸುತ್ತಿದ್ದೆ ಅಷ್ಟೇ. ಪಕ್ಕದಲ್ಲಿದ್ದ ಹಿರಿಯ ಬಾಸ್ (ತಗ್ಗಿನ ದನಿಯ) ಗಾಯಕರು ಹಾಡು ನಿಲ್ಲಿಸದೆ, ತಲೆಯನ್ನೂ ತಿರುಗಿಸದೆ, ನನ್ನ ಪುಸ್ತಕದ ಮೇಲೆ ಬೆರಳಿಟ್ಟರು. ಸರಿಯಾದ ಸಾಲಿನ ಮೇಲೆ. ಅಂಥ ಪಾಠ ಯಾವ ಸಿಲಬಸ್‌ನಲ್ಲೂ ಇರುವುದಿಲ್ಲ. ಆದರೆ ಬರೀ ಆ ಪಾಠ ನೆಚ್ಚಿಕೊಂಡು ಜೀವನ ಸಾಗಿಸೋಕೂ ಆಗಲ್ಲ. 18ರ ಹುಡುಗ ಹುಡುಗಿಯರು 'ಯಾವ ದಾರಿ ಹಿಡಿಯಲಿ' ಅಂತ ಕೇಳಿದಾಗ ನನಗೆ ಈ ಎರಡೂ ನೆನಪಾಗುತ್ತವೆ.

ಇಂಗ್ಲೆಂಡಿನಲ್ಲಿ ದಾರಿಗಳು ಮುಖ್ಯವಾಗಿ ಮೂರು. ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ನಲ್ಲಿ ಯಾವುದೋ ಒಂದು ಡಿಗ್ರಿ ಓದುತ್ತಾ ಕಾಲೇಜಿನ ಚಾಪೆಲ್‌ನಲ್ಲಿ (ಕಾಲೇಜಿನದೇ ಚರ್ಚಿನಲ್ಲಿ) ಕೋರಲ್ ಸ್ಕಾಲರ್, ಅಂದರೆ ಒಂದಷ್ಟು ಸ್ಟೈಪೆಂಡ್ ಪಡೆದು ಕ್ವಾಯರ್‌ನಲ್ಲಿ ಹಾಡುವ ಯುವ ಗಾಯಕ, ಆಗುವುದು ಮೊದಲನೆಯದು. ಒಂದು ಕಥೀಡ್ರಲ್‌ಗೆ ಒಂದೆರಡು ವರ್ಷ ಕೋರಲ್ ಸ್ಕಾಲರ್ ಆಗಿ ಸೇರುವುದು ಎರಡನೆಯದು. ನೇರವಾಗಿ ಕನ್ಸರ್ವಟರಿ (ವೃತ್ತಿಪರ ಸಂಗೀತ ಕಾಲೇಜು) ಸೇರಿ ಗಾಯನವನ್ನೇ ಓದುತ್ತಾ, ಭಾನುವಾರ ಎಲ್ಲಾದರೂ ಚರ್ಚಿನಲ್ಲಿ ಹಾಡಿ ಖರ್ಚಿಗೆ ದಾರಿ ಮಾಡಿಕೊಳ್ಳುವುದು ಮೂರನೆಯದು. ಜರ್ಮನಿ ಕಡೆ ಹೊರಡುವವರೂ ಇದ್ದಾರೆ. ಅದನ್ನು ಕೊನೆಗೆ ನೋಡೋಣ.

ನನ್ನ ಒಲವು ಎತ್ತ ಅಂತ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟ ಅನ್ನಬೇಡಿ. 18ರಿಂದ 22ರವರೆಗಿನ ವಯಸ್ಸು ಕಿವಿ ಕಟ್ಟುವ ವಯಸ್ಸು. ಗಂಟಲು ಇನ್ನೂ ಬೆಳೆಯುತ್ತಿರುತ್ತದೆ, ಅದು ಕಾಯಬಲ್ಲದು. ಹಾಗಾಗಿ ಹೆಚ್ಚಿನವರಿಗೆ ಮೊದಲು ಕ್ವಾಯರ್, ಆಮೇಲೆ ಕನ್ಸರ್ವಟರಿ ಅನ್ನುವುದು ನನ್ನ ಮಾತು. ಎಲ್ಲರಿಗೂ ಅಲ್ಲ. ಯಾರಿಗೆ ಅಲ್ಲ ಅನ್ನುವುದೇ ಇಲ್ಲಿ ಹೆಚ್ಚು ಮುಖ್ಯ.

ಕಾಲೇಜು ಕ್ವಾಯರ್

ಎಲ್ಲರಿಗೂ ಗೊತ್ತಿರುವ ಹೆಸರು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು. 1441ರಲ್ಲಿ ಆರನೇ ಹೆನ್ರಿ ರಾಜ ಕಟ್ಟಿಸಿದ ಕಾಲೇಜು. ಅಲ್ಲಿನ ಕ್ರಿಸ್‌ಮಸ್ ಹಿಂದಿನ ದಿನದ ಪ್ರಾರ್ಥನೆ 1918ರಲ್ಲಿ ಶುರುವಾಯಿತು. ಬಿಬಿಸಿ ಅದನ್ನು 1928ರಲ್ಲಿ ಮೊದಲು ರೇಡಿಯೋದಲ್ಲಿ ಬಿತ್ತರಿಸಿತು. ಮೇಲಿನ ಸಾಲು, ಅಂದರೆ ಟ್ರೆಬಲ್, ಪುಟ್ಟ ಹುಡುಗರದು. ಅದರ ಕೆಳಗಿನ ಮೂರು ಸಾಲು, ಅಂದರೆ ಮೇಲಿನಿಂದ ಕೆಳಕ್ಕೆ ಆಲ್ಟೊ, ಟೆನರ್, ಬಾಸ್, ಹಾಡುವವರು ಅದೇ ಕಾಲೇಜಿನ ವಿದ್ಯಾರ್ಥಿಗಳು. ಅವರಲ್ಲಿ ಸಂಗೀತ ಓದುವವರ ಜೊತೆಗೆ ಗಣಿತ, ಚರಿತ್ರೆ, ಎಂಜಿನಿಯರಿಂಗ್ ಓದುವವರೂ ಇರುತ್ತಾರೆ.

ಆದರೆ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡನ್ನೂ ಸೇರಿಸಿ 'ಆಕ್ಸ್‌ಬ್ರಿಜ್ ಕ್ವಾಯರ್' ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಕಿಂಗ್ಸ್, ಸೇಂಟ್ ಜಾನ್ಸ್, ಆಕ್ಸ್‌ಫರ್ಡಿನ ನ್ಯೂ ಕಾಲೇಜು, ಮಾಡ್ಲಿನ್, ಕ್ರೈಸ್ಟ್ ಚರ್ಚ್ ಇವೆಲ್ಲ ಮಕ್ಕಳ ಜೊತೆ, ಹೆಚ್ಚುಕಡಿಮೆ ದಿನಾ ಹಾಡುವ ಜಾಗಗಳು. ಟ್ರಿನಿಟಿ, ಕ್ಲೇರ್, ಕೀಸ್ ಕಾಲೇಜುಗಳದು ಬೇರೆ ಲೆಕ್ಕ. ಅಲ್ಲಿ ಮಕ್ಕಳಿಲ್ಲ. ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಮೇಲಿನ ಸಾಲನ್ನೂ ವಿದ್ಯಾರ್ಥಿನಿಯರೇ ಹಾಡುತ್ತಾರೆ. ಟ್ರಿನಿಟಿಯಲ್ಲಿ ವಾರಕ್ಕೆ ಮೂರು ಪ್ರಾರ್ಥನೆ. ಉಳಿದ ಹೊತ್ತಿನಲ್ಲಿ ರೆಕಾರ್ಡಿಂಗ್, ರಜೆಯಲ್ಲಿ ಪ್ರವಾಸ. ದಿನಾ ಹಾಡುವ ಜಾಗಕ್ಕೂ ವಾರಕ್ಕೆ ಮೂರು ದಿನದ ಜಾಗಕ್ಕೂ ಜೀವನವೇ ಬೇರೆ. ಲ್ಯಾಬ್ ಇರುವ ವಿಷಯ ಓದುವವರಿಗಂತೂ ಮೂರು ದಿನದ ಕ್ವಾಯರ್ ವಾಸಿ. ಸಂಜೆ ಪ್ರಾಕ್ಟಿಕಲ್ ಬಿಟ್ಟು ಓಡಿಬರುವ ಕೆಮಿಸ್ಟ್ರಿ ಹುಡುಗರನ್ನು ನೋಡಿದ್ದೇನೆ. ಮೊದಲ ಟರ್ಮ್ ಉತ್ಸಾಹ, ಎರಡನೇ ಟರ್ಮ್ ನಿದ್ದೆ.

ಇಲ್ಲಿ ಸಿಗುವುದು ಏನು? ಮುಖ್ಯವಾಗಿ ಸೈಟ್ ರೀಡಿಂಗ್. ನೋಟೇಶನ್ ಕೈಗೆ ಬಂದ ಕ್ಷಣ ಹಾಡಿಬಿಡುವ ಶಕ್ತಿ. ಇವತ್ತು ಬರ್ಡ್, ನಾಳೆ ಸ್ಟ್ಯಾನ್‌ಫರ್ಡ್ ಥರದ ಹಳೇ ಸಂಯೋಜಕರು, ನಾಡಿದ್ದು ಹೋದ ವರ್ಷ ಬರೆದ ಹೊಸ ಕೃತಿ. ಒಂದೊಂದಕ್ಕೂ ರಿಹರ್ಸಲ್ ಸಿಗುವುದು ಒಂದು ಸಲ, ಕೆಲವಕ್ಕೆ ಅರ್ಧ ಸಲ. ಮೂರು ವರ್ಷ ಹೀಗೆ ಮಾಡಿದರೆ ನೂರಾರು ಕೃತಿಗಳು ಕಣ್ಣಿನ ಮುಂದೆ ಹಾದುಹೋಗಿರುತ್ತವೆ. ಜೊತೆಗೆ ಲಂಡನ್ನಿನ ವೃತ್ತಿಪರ ಗಾಯನ ತಂಡಗಳ ನಂಟು. 1968ರಲ್ಲಿ ಶುರುವಾದ ಕಿಂಗ್ಸ್ ಸಿಂಗರ್ಸ್ ತಂಡ ಕಟ್ಟಿದ್ದು ಕಿಂಗ್ಸ್ ಕಾಲೇಜಿನ ಕೋರಲ್ ಸ್ಕಾಲರ್‌ಗಳೇ. ಇವತ್ತಿಗೂ ಲಂಡನ್ನಿನ ಸಣ್ಣ ತಂಡಗಳಲ್ಲಿ ಅಕ್ಕಪಕ್ಕ ನಿಂತವರು 'ನೀನು ಯಾವ ಕಾಲೇಜು' ಅಂತ ಕೇಳುವುದು ಮಾಮೂಲು. ನನಗೆ ಇದು ಅಷ್ಟು ಹಿಡಿಸುವುದಿಲ್ಲ. ಆದರೂ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ.

ಏನು ಸಿಗುವುದಿಲ್ಲ? ಗಂಟಲಿನ ಪಾಠ ಜಾಸ್ತಿ ಸಿಗುವುದಿಲ್ಲ. ಹಾಡುಗಾರಿಕೆಯ ಪಾಠಕ್ಕೆ ಕಾಲೇಜು ದುಡ್ಡು ಕೊಡುತ್ತದೆ, ನಿಜ. ಆದರೆ ಟರ್ಮ್ ಇರುವುದೇ 8 ವಾರ. ಕ್ವಾಯರ್, ಪ್ರಬಂಧ, ಪರೀಕ್ಷೆಗಳ ನಡುವೆ ಮೇಷ್ಟ್ರ ಹತ್ತಿರ ಹೋಗುವುದು ತಪ್ಪುತ್ತಲೇ ಇರುತ್ತದೆ. ಇನ್ನು ಸ್ಟೈಪೆಂಡ್. ಅದು ಊಟವಲ್ಲ, ಉಪ್ಪಿನಕಾಯಿ.

ಆಡಿಷನ್ ಬಗ್ಗೆ ಒಂದು ಮಾತು ತಪ್ಪದೆ ತಿಳಿದುಕೊಳ್ಳಿ. ಕ್ವಾಯರ್ ನಿಮ್ಮನ್ನು ಮೆಚ್ಚಿದ ಮಾತ್ರಕ್ಕೆ ಕಾಲೇಜಿನ ಸೀಟು ಸಿಗುವುದಿಲ್ಲ. ಓದಿನ ಆಯ್ಕೆ ಬೇರೆ, ಹಾಡಿನ ಆಯ್ಕೆ ಬೇರೆ. ಎರಡೂ ದಾಟಬೇಕು. ಎರಡೂ ವಿಶ್ವವಿದ್ಯಾಲಯಗಳಿಗೆ ಅರ್ಜಿಯ ಕೊನೇ ದಿನ ಅಕ್ಟೋಬರ್ ಮಧ್ಯ, ಅಂದರೆ ಉಳಿದ ಕಡೆಗಿಂತ ಬಹಳ ಮುಂಚೆ. ಆಡಿಷನ್‌ನಲ್ಲಿ ಒಂದು ಸೋಲೋ ಹಾಡು, ಸೈಟ್ ರೀಡಿಂಗ್, ಕಿವಿಯ ಪರೀಕ್ಷೆ ಇರುತ್ತವೆ. ಮೂರು ಸ್ವರ ಒಟ್ಟಿಗೆ ನುಡಿಸಿ 'ನಡುವಿನದನ್ನು ಹಾಡು' ಅನ್ನುತ್ತಾರೆ. ಸೋಲೋ ಹಾಡಿಗೆ ತಿಂಗಳುಗಟ್ಟಲೆ ತಯಾರಾಗಿ ಈ ನಡುವಿನ ಸ್ವರಕ್ಕೆ ಬೆವರುವವರೇ ಹೆಚ್ಚು.

ಕಥೀಡ್ರಲ್

ಕಾಲೇಜು ಸೇರುವ ಮುಂಚಿನ ಒಂದು ವರ್ಷ, ಇಲ್ಲವೇ ಡಿಗ್ರಿ ಮುಗಿದ ಮೇಲಿನ ಒಂದೆರಡು ವರ್ಷ, ಕಥೀಡ್ರಲ್‌ನ ಹಿಂದಿನ ಸಾಲಿನಲ್ಲಿ, ಅಂದರೆ ದೊಡ್ಡವರ ಸಾಲಿನಲ್ಲಿ, ನಿಲ್ಲಬಹುದು. ಡರ್ಹಮ್‌ನಂಥ ವಿಶ್ವವಿದ್ಯಾಲಯದ ಊರುಗಳಲ್ಲಿ ಓದುತ್ತಲೇ ಕಥೀಡ್ರಲ್‌ನಲ್ಲಿ ಹಾಡಬಹುದು. ಕಾಲೇಜಿಗೂ ಕಥೀಡ್ರಲ್‌ಗೂ ದೊಡ್ಡ ವ್ಯತ್ಯಾಸ ಏನೆಂದರೆ ಇಲ್ಲಿ ನಿಮ್ಮ ಪಕ್ಕದವರು ನಿಮ್ಮ ವಯಸ್ಸಿನವರಲ್ಲ. ಅವರು ಲೇ ಕ್ಲರ್ಕ್‌ಗಳು. ಹೆಸರು ಕೇಳಿ ಗುಮಾಸ್ತರು ಅಂದುಕೊಳ್ಳಬೇಡಿ, ಸಂಬಳ ಪಡೆದು ಹಾಡುವ ಗಾಯಕರು. ಕೆಲವು ಕಡೆ ಇವರಿಗೆ ವಿಕಾರ್ ಕೋರಲ್ ಅನ್ನುತ್ತಾರೆ. ಒಬ್ಬರು ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡಿ ಬಂದಿರುತ್ತಾರೆ, ಇನ್ನೊಬ್ಬರು ಪಿಯಾನೊ ಟ್ಯೂನ್ ಮಾಡಿ ಬಂದಿರುತ್ತಾರೆ. 30 ವರ್ಷದಿಂದ ಅದೇ ಜಾಗದಲ್ಲಿ ನಿಂತವರಿರುತ್ತಾರೆ. ಅವರಿಗೆ ಪುಸ್ತಕವೇ ಬೇಡ.

ದಿನ ಹೀಗಿರುತ್ತದೆ. ಮಕ್ಕಳು ಶಾಲೆಗೆ ಮುಂಚೆ ಬೆಳಿಗ್ಗೆ ಅಭ್ಯಾಸ ಮಾಡಿರುತ್ತಾರೆ. ದೊಡ್ಡವರು ಸಂಜೆ ಪ್ರಾರ್ಥನೆಗೆ ಒಂದು ಗಂಟೆ ಮುಂಚೆಯೋ ಇನ್ನೂ ತಡವಾಗಿಯೋ ಬರುತ್ತಾರೆ. ಫೋಲ್ಡರ್ ತೆಗೆದು ನೋಡಿದರೆ ಇವತ್ತಿನ ಕೀರ್ತನೆ, ಬೈಬಲಿನ ಮರಿಯಳ ಹಾಡು, ಸಿಮೆಯೋನನ ಹಾಡು, ಒಂದು ಆಂಥಮ್ (ಕ್ವಾಯರ್‌ಗೆಂದೇ ಸಂಯೋಜಿಸಿದ ದೇವರ ಹಾಡು). ಕಷ್ಟದ ಎರಡು ಪುಟ ಹಾಡಿಸುತ್ತಾರೆ, ಉಳಿದದ್ದು 'ನಿಮಗೆ ಗೊತ್ತಲ್ಲ' ಅಂತ ಮುಂದಕ್ಕೆ ಹೋಗುತ್ತಾರೆ. ಗೊತ್ತಿಲ್ಲದವರು ನೀವೊಬ್ಬರೇ. ನಿಲುವಂಗಿ ಹಾಕಿಕೊಂಡು ಸಾಲಾಗಿ ಒಳಗೆ ಹೋಗಬೇಕು. ಬುಧವಾರ ಮಳೆ ಬಂದರೆ ಕೇಳುವುದಕ್ಕೆ ಹನ್ನೆರಡು ಜನ ಕೂತಿರುತ್ತಾರೆ. ಆ ಹನ್ನೆರಡು ಜನರಿಗೂ ಈಸ್ಟರ್ ದಿನದ ಅದೇ ಹಾಡುಗಾರಿಕೆ. ನನಗೆ ಕಥೀಡ್ರಲ್ ಕಲಿಸಿದ್ದರಲ್ಲಿ ಅತಿ ಬೆಲೆಯುಳ್ಳದ್ದು ಇದೇ. ಗಂಟಲು ಸರಿಯಿಲ್ಲದ ದಿನ, ಮನಸ್ಸು ಸರಿಯಿಲ್ಲದ ದಿನವೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದೆ ಹಾಡುವುದು ಹೇಗೆ ಅಂತ ಅಲ್ಲಿ ಗೊತ್ತಾಯಿತು.

ಇದರಿಂದ ಬದುಕು ನಡೆಯುತ್ತದಾ? ಸ್ಕಾಲರ್‌ಗೆ ಒಂದಷ್ಟು ಗೌರವಧನ ಸಿಗುತ್ತದೆ. ಅನೇಕ ಕಡೆ ಉಳಿದುಕೊಳ್ಳಲು ಜಾಗವನ್ನೂ ಕೊಡುತ್ತಾರೆ, ಕೆಲವು ಕಡೆ ಕಥೀಡ್ರಲ್ ಶಾಲೆಯಲ್ಲಿ ಸಣ್ಣ ಕೆಲಸವೂ ಇರುತ್ತದೆ. ಆ ಜಾಗದ ಬೆಲೆ ಕಡಿಮೆ ಅಂದುಕೊಳ್ಳಬೇಡಿ. ವೆಲ್ಸ್ ಕಥೀಡ್ರಲ್ ಪಕ್ಕದ ವಿಕಾರ್ಸ್ ಕ್ಲೋಸ್ ಅನ್ನುವ ಬೀದಿ 14ನೇ ಶತಮಾನದ್ದು. ಗಾಯಕರಿಗಾಗಿಯೇ ಕಟ್ಟಿದ್ದು, ಇವತ್ತಿಗೂ ಅಲ್ಲಿ ಗಾಯಕರು ವಾಸ ಮಾಡುತ್ತಾರೆ. ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನ ಲೇ ಕ್ಲರ್ಕ್‌ಗಳ ಮನೆಗಳಂತೂ ಅರಮನೆಯ ಕೋಟೆಯೊಳಗೇ ಇವೆ. ಲಂಡನ್ ದೂರ ಆಗದ ಜಾಗದಲ್ಲಿ ಮನೆ ಸಿಕ್ಕರೆ ಗಾಯಕರಿಗೆ ಅದೇ ಅರ್ಧ ಸಂಬಳ.

ಆದರೆ ಹೆಚ್ಚಿನ ಲೇ ಕ್ಲರ್ಕ್ ಕೆಲಸಗಳು ಅರೆಕಾಲಿಕ. ದಿನಾ ಸಂಜೆ ನಿಮ್ಮನ್ನು ಕಟ್ಟಿಹಾಕುತ್ತವೆ, ಪೂರ್ತಿ ಸಂಬಳ ಮಾತ್ರ ಕೊಡುವುದಿಲ್ಲ. ಸಂಜೆ ಸಿಕ್ಕಿಹಾಕಿಕೊಂಡರೆ ಬೇರೆ ಕಡೆ ಸಂಗೀತ ಕಛೇರಿ ಒಪ್ಪಿಕೊಳ್ಳುವುದು ಹೇಗೆ? ಬದಲಿ ಗಾಯಕರನ್ನು ನೀವೇ ಹುಡುಕಬೇಕು. ಇಂಥ ಬದಲಿಗೆ ಅಲ್ಲಿ 'ಡೆಪ್' ಅನ್ನುತ್ತಾರೆ. ಕಥೀಡ್ರಲ್ ಒಪ್ಪಿಕೊಳ್ಳುವ ಡೆಪ್‌ಗಳ ಪಟ್ಟಿ ಚಿಕ್ಕದು, ಒಳ್ಳೆಯ ಟೆನರ್‌ಗಳು ಯಾವತ್ತೂ ಬಿಡುವಾಗಿರುವುದಿಲ್ಲ. ಇನ್ನು ಲಂಡನ್‌ನಿಂದ ದೂರದ ಊರಾದರೆ ಆಡಿಷನ್‌ಗಳಿಗೆ ಓಡಾಡುವುದರಲ್ಲೇ ಗೌರವಧನ ಕರಗುತ್ತದೆ. ಆದ್ದರಿಂದ ಸ್ಕಾಲರ್ ಆಗಿ ಒಂದು ವರ್ಷ ಚೆನ್ನ, ಎರಡು ವರ್ಷ ಪರವಾಗಿಲ್ಲ. ಮೂರನೇ ವರ್ಷವೂ ಅಲ್ಲೇ ಇದ್ದರೆ 'ನಾನು ಇಲ್ಲಿ ಕಲಿಯುತ್ತಿದ್ದೇನಾ, ಅಥವಾ ಹಾಯಾಗಿದ್ದೇನಾ' ಅಂತ ಕೇಳಿಕೊಳ್ಳಬೇಕು. ಹಾಯಾಗಿರುವುದು ತಪ್ಪಲ್ಲ. ಆದರೆ ಅದು ಬೇರೆ ನಿರ್ಧಾರ.

ಈ ಹಿಂದಿನ ಸಾಲಿನಿಂದ ಎದ್ದುಬಂದವರೂ ಇದ್ದಾರೆ. ಆಲ್ಫ್ರೆಡ್ ಡೆಲ್ಲರ್ 1940ರ ದಶಕದಲ್ಲಿ ಕ್ಯಾಂಟರ್‌ಬರಿ ಕಥೀಡ್ರಲ್‌ನಲ್ಲಿ ಲೇ ಕ್ಲರ್ಕ್ ಆಗಿದ್ದರು. ಅಲ್ಲಿ ಅವರ ದನಿ ಕೇಳಿದ ಸಂಯೋಜಕ ಮೈಕಲ್ ಟಿಪ್ಪೆಟ್ ಅವರನ್ನು ಲಂಡನ್ನಿನ ಕಛೇರಿ ವೇದಿಕೆಗೆ ತಂದರು. ಚರ್ಚಿನೊಳಗೇ ಉಳಿದುಬಿಟ್ಟಿದ್ದ ಕೌಂಟರ್‌ಟೆನರ್ (ಆಲ್ಟೊ ಎತ್ತರದಲ್ಲಿ ಹಾಡುವ ಗಂಡಸಿನ) ದನಿ ಮತ್ತೆ ಸೋಲೋ ದನಿಯಾಗಿದ್ದು ಹೀಗೆ. ಇವತ್ತು ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ವೇದಿಕೆಯಲ್ಲಿ ಹಾಡುವ ಕೌಂಟರ್‌ಟೆನರ್‌ಗಳೆಲ್ಲ ಒಂದು ಲೆಕ್ಕದಲ್ಲಿ ಅವರಿಗೆ ಋಣಿಗಳು.

ಕನ್ಸರ್ವಟರಿ

ಲಂಡನ್ನಿನ ರಾಯಲ್ ಅಕಾಡೆಮಿ 1822ರದು. ರಾಯಲ್ ಕಾಲೇಜ್, ಗಿಲ್ಡ್‌ಹಾಲ್, ಮ್ಯಾಂಚೆಸ್ಟರ್‌ನ ರಾಯಲ್ ನಾರ್ದರ್ನ್, ಜೊತೆಗೆ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನವು. ಮೊದಲ ಡಿಗ್ರಿ ಸಾಮಾನ್ಯವಾಗಿ 4 ವರ್ಷ. ಅರ್ಜಿ ಇನ್ನೂ ಬೇಗ, ಅಕ್ಟೋಬರ್ ಶುರುವಿನಲ್ಲೇ. ಇಲ್ಲಿ ಪ್ರತಿವಾರ ಒಬ್ಬರೇ ಮೇಷ್ಟ್ರ ಎದುರು ನಿಲ್ಲುತ್ತೀರಿ. ಇಟಾಲಿಯನ್, ಜರ್ಮನ್, ಫ್ರೆಂಚ್ ಉಚ್ಚಾರಣೆ, ನಟನೆ, ಮೈಯ ಚಲನೆ ಎಲ್ಲ ಕಲಿಸುತ್ತಾರೆ. ಕ್ವಾಯರ್ ದಾರಿಯಲ್ಲಿ ಇದ್ಯಾವುದೂ ಇಲ್ಲ. ಕ್ವಾಯರ್‌ನಿಂದ ಬಂದವರು ಒಪೆರಾ ಆಡಿಷನ್‌ನಲ್ಲಿ ಕೈ ಎಲ್ಲಿಡಬೇಕು ಗೊತ್ತಾಗದೆ ಫೋಲ್ಡರ್ ಹಿಡಿದ ಹಾಗೇ ನಿಲ್ಲುತ್ತಾರೆ ಅನ್ನುವ ತಮಾಷೆ ಸುಮ್ನೆ ಹುಟ್ಟಿಲ್ಲ.

ನಿಜವಾದ ಜಗಳ ಇರುವುದು ದನಿಯ ವಿಷಯದಲ್ಲಿ. ಕ್ವಾಯರ್ ಮಾಸ್ಟರ್‌ಗೆ ಬೇಕಾದದ್ದು ಬೆರೆಯುವ ದನಿ. ಪಕ್ಕದವರ ಸ್ವರದೊಳಗೆ ನಿಮ್ಮದು ಕರಗಬೇಕು. ವೈಬ್ರಾಟೊ, ಅಂದರೆ ಸ್ವರದ ಅಲುಗಾಟ, ಕಡಿಮೆ ಇರಬೇಕು. ಗಾಯನದ ಮೇಷ್ಟ್ರಿಗೆ ಬೇಕಾದದ್ದು ಇದಕ್ಕೆ ಉಲ್ಟಾ. ಒಪೆರಾದಲ್ಲಿ ಮೈಕ್ ಇಲ್ಲ. ದೊಡ್ಡ ಆರ್ಕೆಸ್ಟ್ರಾ ಮೇಲೆ ಕೇಳಿಸಬೇಕಾದರೆ ಸುಮಾರು 3000 ಹರ್ಟ್ಜ್ ಆಸುಪಾಸಿನ ಕಂಪನಗಳು ದನಿಯಲ್ಲಿ ಗಟ್ಟಿಯಾಗಿರಬೇಕು. ಆರ್ಕೆಸ್ಟ್ರಾದ ಶಕ್ತಿ ಆ ಎತ್ತರದಲ್ಲಿ ಕಡಿಮೆಯಾಗುತ್ತದೆ, ಅಲ್ಲಿ ಗಂಟಲು ನುಗ್ಗುತ್ತದೆ. ಆ ಮಿಂಚನ್ನೇ ಕ್ವಾಯರ್‌ನಲ್ಲಿ 'ನೀನೊಬ್ಬನೇ ಕೇಳಿಸುತ್ತಿದ್ದೀಯ' ಅಂತ ಬೈದು ಕಡಿಮೆ ಮಾಡಿಸುತ್ತಾರೆ. ವಾರಕ್ಕೆ ಆರು ದಿನ ದನಿ ತಗ್ಗಿಸಿ ಹಾಡಿ, ಏಳನೇ ದಿನ ಮೇಷ್ಟ್ರ ಹತ್ತಿರ ಹೋಗಿ ಎತ್ತಿ ಹಾಡು ಅಂದರೆ ಗಂಟಲಿಗೂ ಗೊಂದಲ.

ಹಾಗಾದರೆ ಕ್ವಾಯರ್ ದನಿ ಕೆಡಿಸುತ್ತದೆಯೇ? ಹಗುರ ಅಥವಾ ಮಧ್ಯಮ ದನಿ ಇರುವವರಿಗೆ ಕೆಡಿಸುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ, ಕಣ್ಣೆದುರು ಉದಾಹರಣೆಗಳಿವೆ. ಬ್ಯಾರಿಟೋನ್ (ಟೆನರ್‌ಗೂ ಬಾಸ್‌ಗೂ ನಡುವಿನ ದನಿ) ಗಾಯಕ ಸೈಮನ್ ಕೀನ್ಲಿಸೈಡ್ ಚಿಕ್ಕಂದಿನಲ್ಲಿ ಸೇಂಟ್ ಜಾನ್ಸ್ ಕ್ವಾಯರ್‌ನಲ್ಲಿದ್ದರು. ಆಮೇಲೆ ಅಲ್ಲೇ ಪ್ರಾಣಿಶಾಸ್ತ್ರ ಓದುತ್ತಾ ಕೋರಲ್ ಸ್ಕಾಲರ್, ಅದಾದ ಮೇಲೆ ಮ್ಯಾಂಚೆಸ್ಟರ್‌ನ ಕನ್ಸರ್ವಟರಿ, ಅಲ್ಲಿಂದ ದೊಡ್ಡ ಒಪೆರಾ ಹೌಸ್‌ಗಳು. ಕೌಂಟರ್‌ಟೆನರ್ ಇಯೆಸ್ಟಿನ್ ಡೇವಿಸ್ ಅದೇ ಸೇಂಟ್ ಜಾನ್ಸ್‌ನಿಂದ ರಾಯಲ್ ಅಕಾಡೆಮಿಗೆ ಹೋದವರು. ರೊಡ್ರಿಕ್ ವಿಲಿಯಮ್ಸ್ ಆಕ್ಸ್‌ಫರ್ಡಿನ ಮಾಡ್ಲಿನ್‌ನಲ್ಲಿ ಕೋರಲ್ ಸ್ಕಾಲರ್ ಆಗಿದ್ದು, ಶಾಲೆಯಲ್ಲಿ ಸಂಗೀತ ಕಲಿಸಿ, 28ಕ್ಕೆ ಗಿಲ್ಡ್‌ಹಾಲ್ ಸೇರಿದರು. ಟೆನರ್ ಜೇಮ್ಸ್ ಗಿಲ್‌ಕ್ರಿಸ್ಟ್ ಕಥೆ ಇನ್ನೂ ಚೆಂದ. ಕಿಂಗ್ಸ್‌ನಲ್ಲಿ ಹಾಡಿದವರು, ಡಾಕ್ಟರ್ ಆದವರು, 1996ರಲ್ಲಿ ಆಸ್ಪತ್ರೆ ಬಿಟ್ಟು ಪೂರ್ತಿ ಗಾಯಕರಾದರು. ಇವರೆಲ್ಲರ ಗಂಟಲು ತಡವಾಗಿ ಹಣ್ಣಾಯಿತು, ಕಿವಿ ಮಾತ್ರ ಮೊದಲೇ ತಯಾರಿತ್ತು.

ಆದರೆ 18ಕ್ಕೇ ದೊಡ್ಡ, ಭಾರದ ದನಿ ಇರುವವರು ಕೆಲವರಿರುತ್ತಾರೆ. ಕ್ವಾಯರ್‌ನಲ್ಲಿ ಎಷ್ಟು ತಗ್ಗಿಸಿದರೂ ಎದ್ದು ಕಾಣುವ ದನಿ. ಅಂಥವರು ದಿನಾ ದನಿ ಅದುಮಿಕೊಂಡು ಹಾಡುವುದನ್ನು ನೋಡುವುದೇ ಹಿಂಸೆ. ಪ್ರತಿ ರಿಹರ್ಸಲ್ ಮುಗಿದ ಮೇಲೆ ಗಂಟಲು ಬಿಗಿಯುತ್ತಿದ್ದರೆ, 'ಕಡಿಮೆ, ಕಡಿಮೆ' ಅನ್ನುವ ಮಾತೊಂದೇ ನಿಮಗೆ ಸಿಗುತ್ತಿದ್ದರೆ, ದೊಡ್ಡ ಹೆಸರಿನ ಕ್ವಾಯರ್ ಅಂತ ಅಂಟಿಕೊಳ್ಳಬೇಡಿ. ನೇರ ಕನ್ಸರ್ವಟರಿಗೆ ಹೋಗಿ. ಒಪೆರಾ ಬಿಟ್ಟು ಬೇರೇನೂ ಬೇಡ ಅನ್ನುವವರಿಗೂ ಇದೇ ಮಾತು. ಸೈಟ್ ರೀಡಿಂಗ್ ಅನ್ನು ಭಾನುವಾರದ ಚರ್ಚ್ ಕೆಲಸದಲ್ಲಿ ಕಲಿತರಾಯಿತು.

ದನಿ ಯಾವುದು ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಟೆನರ್ ಆಗಿದ್ದರೆ ನೀವು ಪುಣ್ಯವಂತರು. ಎಲ್ಲ ಕ್ವಾಯರ್‌ಗೂ ಟೆನರ್ ಬೇಕು, ಎಲ್ಲೂ ಸಾಕಷ್ಟಿಲ್ಲ. ಕೌಂಟರ್‌ಟೆನರ್‌ಗೂ ಕಥೀಡ್ರಲ್‌ನಷ್ಟು ಕೆಲಸ ಬೇರೆಲ್ಲೂ ಇಲ್ಲ. ಬಾಸ್‌ಗಳು ಸಿಗುತ್ತಾರೆ, ನಿಜವಾಗಿ ಕೆಳಗಿಳಿಯುವ ಬಾಸ್‌ಗಳು ಸಿಗುವುದಿಲ್ಲ. 20ರ ವಯಸ್ಸಿನ ಬಾಸ್ ಅಂದರೆ ಹೆಚ್ಚಿನ ಸಲ ಇನ್ನೂ ಗೊತ್ತಾಗದ ಬ್ಯಾರಿಟೋನ್, ನನ್ನನ್ನೂ ಸೇರಿಸಿ.

ಸೊಪ್ರಾನೊಗಳ ಪಾಡು ಬೇರೆ. ಕಥೀಡ್ರಲ್‌ನಲ್ಲಿ ಮೇಲಿನ ಸಾಲು ಮಕ್ಕಳದು. ಎಷ್ಟೇ ಚೆನ್ನಾಗಿ ಹಾಡಿದರೂ ಅಲ್ಲಿ ನಿಂತುಕೊಳ್ಳಲು ಜಾಗವೇ ಇಲ್ಲ. ಹುಡುಗಿಯರಿಗೆ ಬಾಗಿಲು ತೆರೆದದ್ದೇ ತಡವಾಗಿ. ಇಂಗ್ಲೆಂಡಿನ ಕಥೀಡ್ರಲ್‌ಗಳಲ್ಲಿ ಹುಡುಗಿಯರಿಗಾಗಿ ಪ್ರತ್ಯೇಕ ಕ್ವಾಯರ್ ಕಟ್ಟುವ ದಾರಿ ತೋರಿಸಿದ್ದು ಸಾಲ್ಸ್‌ಬರಿ, 1991ರಲ್ಲಿ. ಸೇಂಟ್ ಪಾಲ್ಸ್ ಕಥೀಡ್ರಲ್‌ನಲ್ಲಿ ಮೊದಲ ಮಹಿಳಾ ವಿಕಾರ್ ಕೋರಲ್ ಆಗಿ ಆಲ್ಟೊ ಕ್ಯಾರಿಸ್ ಜೋನ್ಸ್ ನೇಮಕವಾದದ್ದು 2017ರಲ್ಲಿ. ಸೇಂಟ್ ಜಾನ್ಸ್ ಕಾಲೇಜು ಹುಡುಗಿಯರಿಗೂ ಮಹಿಳೆಯರಿಗೂ ಅವಕಾಶ ಕೊಟ್ಟದ್ದು 2022ರಲ್ಲಿ. ಹಾಗಾಗಿ ಆಲ್ಟೊ ಮಹಿಳೆಯರಿಗೆ ಈಗ ದಾರಿ ಅಗಲವಾಗುತ್ತಿದೆ. ಸೊಪ್ರಾನೊಗಳು ಮಾತ್ರ ಟ್ರಿನಿಟಿ, ಕ್ಲೇರ್, ಕೀಸ್, ಆಕ್ಸ್‌ಫರ್ಡಿನ ಮರ್ಟನ್, ಕ್ವೀನ್ಸ್ ಥರದ ಮಿಶ್ರ ಕ್ವಾಯರ್‌ಗಳನ್ನೇ ಗುರಿ ಇಟ್ಟುಕೊಳ್ಳಬೇಕು. ಅಲ್ಲಿ ಪೈಪೋಟಿ ಜಾಸ್ತಿ. ಅದೇ ಕಾರಣಕ್ಕೆ, ಸೊಪ್ರಾನೊ ಆಗಿದ್ದು ಅಲ್ಲಿ ಜಾಗ ಸಿಗದಿದ್ದರೆ ಕಥೀಡ್ರಲ್ ವರ್ಷಕ್ಕಾಗಿ ಕಾಯುತ್ತಾ ಕೂರುವುದು ಬೇಡ. ಕನ್ಸರ್ವಟರಿಯೇ ಸರಿ.

ದುಡ್ಡು

ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ 2025-26ರಲ್ಲಿ ಡಿಗ್ರಿಯ ಫೀಸು ವರ್ಷಕ್ಕೆ ಗರಿಷ್ಠ 9,535 ಪೌಂಡ್ ಇತ್ತು. ಕಾಲೇಜಾದರೂ ಅಷ್ಟೇ, ಕನ್ಸರ್ವಟರಿಯಾದರೂ ಅಷ್ಟೇ. ಆದರೆ ಡಿಗ್ರಿ ಮುಗಿಸಿ ಮತ್ತೆ ಕನ್ಸರ್ವಟರಿಯಲ್ಲಿ ಮಾಸ್ಟರ್ಸ್ ಮಾಡುವುದಾದರೆ ಆ ಎರಡು ವರ್ಷದ ಖರ್ಚು ಬೇರೆ. ನಾನು ಹೇಳುವ 'ಮೊದಲು ಕ್ವಾಯರ್' ದಾರಿಯ ದೊಡ್ಡ ಕೊರತೆ ಇದೇ. ಒಟ್ಟು ಐದಾರು ವರ್ಷದ ಸಾಲ. ಮಾಸ್ಟರ್ಸ್‌ಗೆ ಸ್ಕಾಲರ್‌ಶಿಪ್ ಸಿಗದಿದ್ದರೆ ಏನು ಮಾಡುತ್ತೇನೆ ಅಂತ ಮೊದಲೇ ಯೋಚಿಸಿ.

ಹೊರದೇಶದಿಂದ ಬರುವವರಿಗೆ ಫೀಸು ಇದರ ಎಷ್ಟೋ ಪಟ್ಟು. ಅದಕ್ಕಿಂತ ದೊಡ್ಡ ತೊಡಕು ವೀಸಾ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ, ವೃತ್ತಿಪರ ಕಲಾವಿದರಾಗಿ ದುಡಿಯುವಂತಿಲ್ಲ. ಭಾನುವಾರದ ಡೆಪ್ ಕೆಲಸ, ಮದುವೆ, ಶವಸಂಸ್ಕಾರದ ಹಾಡುಗಾರಿಕೆ ಇವೆಲ್ಲ ಸಾಮಾನ್ಯವಾಗಿ ಸ್ವಂತ ಉದ್ಯೋಗದ ಲೆಕ್ಕಕ್ಕೇ ಬರುತ್ತವೆ. 'ಖರ್ಚಿಗೆ ಚರ್ಚಿನಲ್ಲಿ ಹಾಡಿಕೊಳ್ಳುತ್ತೇನೆ' ಅಂತ ಬಜೆಟ್ ಹಾಕಿಕೊಂಡು ಬಂದವರು ಇಲ್ಲೇ ಎಡವುತ್ತಾರೆ. ಒಪ್ಪಿಕೊಳ್ಳುವ ಮುಂಚೆ ಸಂಸ್ಥೆಯ ವೀಸಾ ವಿಭಾಗದ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಕೋರಲ್ ಸ್ಕಾಲರ್‌ಶಿಪ್ ಬಗ್ಗೆಯೂ ಹಾಗೇ ಕೇಳಿ.

ಡೆಪ್ ಕೆಲಸ ಹೇಗಿರುತ್ತದೆ? ಲಂಡನ್ನಿನ ಅನೇಕ ಚರ್ಚುಗಳಲ್ಲಿ ಭಾನುವಾರ ನಾಲ್ಕೋ ಎಂಟೋ ವೃತ್ತಿಪರ ಗಾಯಕರು ಹಾಡುತ್ತಾರೆ. ಶನಿವಾರ ರಾತ್ರಿ ಮೆಸೇಜ್ ಬರುತ್ತದೆ, 'ನಾಳೆ ಬಾಸ್ ಬೇಕು'. ಬೆಳಿಗ್ಗೆ ಹೋಗಿ ಒಂದು ಗಂಟೆ ರಿಹರ್ಸಲ್, ಆಮೇಲೆ ನೇರ ಪ್ರಾರ್ಥನೆ. ಒಂದೊಂದು ಸಾಲಿಗೆ ಒಬ್ಬರೇ ಇದ್ದರೆ ನಿಮ್ಮ ತಪ್ಪಿಗೆ ಮರೆಯೇ ಇಲ್ಲ. ಚೆನ್ನಾಗಿ ಓದಿದರೆ ಮತ್ತೆ ಕರೆಯುತ್ತಾರೆ, ತಡಬಡಾಯಿಸಿದರೆ ಕರೆಯುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ದುಡ್ಡು ಕೆಲವರು ಅಲ್ಲೇ ಕವರ್‌ನಲ್ಲಿ ಕೊಡುತ್ತಾರೆ. ಒಂದು ಕಡೆ ನನಗೆ ನಾಲ್ಕು ತಿಂಗಳು ಆಟ ಆಡಿಸಿದರು, ಹೆಸರು ಬೇಡ ಬಿಡಿ. ಬಿಲ್ ಅನ್ನು ಅವತ್ತೇ ರಾತ್ರಿ ಕಳಿಸುವ ಅಭ್ಯಾಸ ನನಗೆ ಬಂದದ್ದು ಆಮೇಲೆಯೇ.

ಕ್ವಾಯರ್ ಹಾಡುಗಾರಿಕೆಯಲ್ಲಿ ಖಾಯಂ ಸಂಬಳದ ಪೂರ್ಣಾವಧಿ ಕೆಲಸ ಬ್ರಿಟನ್ನಿನಲ್ಲಿ ಬೆರಳೆಣಿಕೆಯಷ್ಟು. 1924ರಿಂದ ಇರುವ ಬಿಬಿಸಿ ಸಿಂಗರ್ಸ್ ತಂಡವನ್ನೇ 2023ರ ಮಾರ್ಚ್‌ನಲ್ಲಿ ಮುಚ್ಚುವುದಾಗಿ ಹೇಳಿದರು. ಸಂಗೀತ ಲೋಕ ಎದ್ದು ನಿಂತ ಮೇಲೆ ಆ ನಿರ್ಧಾರವನ್ನು ತಡೆಹಿಡಿದರು. ಮಿಕ್ಕವರೆಲ್ಲ ಸಿಕ್ಸ್‌ಟೀನ್, ಟ್ಯಾಲಿಸ್ ಸ್ಕಾಲರ್ಸ್, ಟೆನೆಬ್ರೆ ಥರದ ತಂಡಗಳಿಗೆ ಕಛೇರಿಗೆ ಇಷ್ಟು ಅಂತ ಹಾಡುತ್ತಾ, ಚರ್ಚು, ಪಾಠ, ಸೋಲೋ ಎಲ್ಲ ಕೂಡಿಸಿ ಬದುಕುವವರೇ. ಇಂಥ ತಂಡಗಳ ಒಳಗೆ ಹೋಗಲು ಒಂದು ಒಳ್ಳೆಯ ಮೆಟ್ಟಿಲು ಜೆನೆಸಿಸ್ ಸಿಕ್ಸ್‌ಟೀನ್. 2011ರಲ್ಲಿ ಶುರುವಾದ ಈ ತರಬೇತಿ 18ರಿಂದ 23ರ ವಯಸ್ಸಿನವರಿಗೆ, ಫೀಸಿಲ್ಲ. ನೀವು ಮೂರರಲ್ಲಿ ಯಾವ ದಾರಿಯಲ್ಲಿದ್ದರೂ ಅರ್ಜಿ ಹಾಕಬಹುದು.

ಜರ್ಮನಿ ಕಡೆ

ಕನ್ಸರ್ವಟರಿಯೇ ಬೇಕು, ದುಡ್ಡು ಕಡಿಮೆ ಅನ್ನುವವರು ಜರ್ಮನಿ ನೋಡಲೇಬೇಕು. ಹೆಚ್ಚಿನ ಸರಕಾರಿ ಸಂಗೀತ ಸಂಸ್ಥೆಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಕೆಲವು ಕಡೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಶುಲ್ಕ ಇದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಲ್ಲಿ ಅವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಅಂತ ಶುರುಮಾಡಿತು. ಲೈಪ್ಜಿಗ್‌ನ ಸೇಂಟ್ ಥಾಮಸ್ ಕ್ವಾಯರ್ 1212ರಿಂದ ಇದೆ, ಸಂಯೋಜಕ ಬಾಖ್ 1723ರಿಂದ 1750ರವರೆಗೆ ಅದರ ಗುರು. ಆದರೆ ಅದು ಶಾಲಾ ಹುಡುಗರ ಕ್ವಾಯರ್, 18ರಲ್ಲಿ ಸೇರುವ ಜಾಗವಲ್ಲ. ಅಲ್ಲಿನ ಊರ ಚರ್ಚುಗಳ ಕ್ವಾಯರ್‌ಗಳು ಹೆಚ್ಚಾಗಿ ಹವ್ಯಾಸಿಗಳವು. ಇಂಗ್ಲೆಂಡಿನ ಹಾಗೆ ದಿನಾ ಸಂಜೆ ಹಾಡಿ ಕಿವಿ ಕಟ್ಟಿಕೊಳ್ಳುವ ವ್ಯವಸ್ಥೆ ಇಲ್ಲ. ಬದಲಿಗೆ ಈಸ್ಟರ್‌ಗೆ ಮುಂಚೆ ಬಾಖ್‌ನ ಪ್ಯಾಶನ್ (ಯೇಸುವಿನ ಸಾವಿನ ಕಥೆ ಹೇಳುವ ದೊಡ್ಡ ಕೃತಿ), ಡಿಸೆಂಬರ್‌ನಲ್ಲಿ ಅವನದೇ ಕ್ರಿಸ್‌ಮಸ್ ಒರಟೋರಿಯೊ (ಯೇಸುವಿನ ಹುಟ್ಟಿನ ಕಥೆ) ಹಾಡುವ ಆ ಕ್ವಾಯರ್‌ಗಳು ಸೋಲೋಗೆ ಗಾಯಕರನ್ನು ಕರೆಸುತ್ತವೆ. ಹೊಸ ಸೋಲೋ ಗಾಯಕರಿಗೆ ಅದು ಚಿನ್ನದಂಥ ಅವಕಾಶ. ಮುಂದೆ ಬರ್ಲಿನ್, ಮ್ಯೂನಿಕ್ ರೇಡಿಯೋ ಕ್ವಾಯರ್‌ಗಳು, ಒಪೆರಾ ಹೌಸ್‌ಗಳ ಕೋರಸ್‌ಗಳಲ್ಲಿ ತಿಂಗಳ ಸಂಬಳದ ಕೆಲಸವೂ ಇದೆ. ಭಾಷೆ ಮಾತ್ರ ಮೊದಲೇ ಕಲಿಯಬೇಕು. ಬಾಯಿಪಾಠದ ಜರ್ಮನ್ ಅಲ್ಲ, ಮಾತಾಡುವ ಜರ್ಮನ್.

ಸೇರುವ ಮುಂಚೆ

ಅರ್ಜಿ ಹಾಕುವ ಜಾಗಕ್ಕೆ ಹೋಗಿ ನೋಡಲು ಆದರೆ, ಓಪನ್ ಡೇ, ಅಂದರೆ ಹೊಸಬರಿಗೆ ಜಾಗ ತೋರಿಸುವ ದಿನದ ಮೆರವಣಿಗೆಗೆ ಹೋಗಬೇಡಿ. ಸಾಧಾರಣ ಮಂಗಳವಾರವೋ ಗುರುವಾರವೋ ಸಂಜೆ ಪ್ರಾರ್ಥನೆಗೆ ಹೋಗಿ ಕೂತುಕೊಳ್ಳಿ. ಟಿಕೆಟ್ ಇಲ್ಲ. ಕೀರ್ತನೆ ಕೇಳಿ. ಆಂಥಮ್ ಅನ್ನು ಯಾವ ಕ್ವಾಯರ್ ಆದರೂ ಚೆನ್ನಾಗಿ ತಯಾರಿಸಿಕೊಂಡಿರುತ್ತದೆ, ಕ್ವಾಯರ್ ನಿಜವಾಗಿ ಹೇಗಿದೆ ಅನ್ನುವುದು ಕೀರ್ತನೆಯಲ್ಲಿ ಗೊತ್ತಾಗುತ್ತದೆ. ಪದಗಳು ಒಟ್ಟಿಗೆ ಬರುತ್ತಿವೆಯಾ, ಅಥವಾ ಒಬ್ಬರ ಹಿಂದೆ ಒಬ್ಬರು ಓಡುತ್ತಿದ್ದಾರಾ?

ಮುಗಿದ ಮೇಲೆ ಹೊರಗೆ ಬರುವ ಎರಡನೇ ವರ್ಷದ ಸ್ಕಾಲರ್ ಒಬ್ಬರನ್ನು ಹಿಡಿಯಿರಿ. ಮೊದಲ ವರ್ಷದವರು ಬೇಡ, ಅವರಿನ್ನೂ ಹನಿಮೂನ್‌ನಲ್ಲಿರುತ್ತಾರೆ. 'ಕ್ವಾಯರ್ ಹೇಗಿದೆ' ಅಂದರೆ ಚೆನ್ನಾಗಿದೆ ಅಂತಾರೆ ಅಷ್ಟೇ. ಹೋದ ಟರ್ಮ್‌ನಲ್ಲಿ ಹಾಡುಗಾರಿಕೆಯ ಪಾಠಕ್ಕೆ ಎಷ್ಟು ಸಲ ಹೋಗಲು ಆಯಿತು ಅಂತ ಕೇಳಿ. ಜ್ವರ ಬಂದ ದಿನ ಏನಾಯಿತು ಅಂತ ಕೇಳಿ. ಉತ್ತರ ಕೊಡುವ ಮುಂಚೆ ಅವರು ಸುತ್ತ ಯಾರಾದರೂ ಇದ್ದಾರಾ ಅಂತ ನೋಡಿದರೆ, ಅದನ್ನೂ ಬರೆದಿಟ್ಟುಕೊಳ್ಳಿ.